ಬೀರುವಿನ ನೆಗೆಟಿವ್‌ಗೆ ಯಾವ ಸ್ಕ್ಯಾನರು?



ಹಳೆಯ ನೆಗೆಟಿವ್, ಸ್ಲೈಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಹುಚ್ಚು ನನಗಿದೆ ಎಂದು ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಒಂದೇ: "ಸಾರ್, ಯಾವ ಸ್ಕ್ಯಾನರ್ ತಗೊಳ್ಳೋದು?" ನಾನು ತಿರುಗಿ ಕೇಳುವುದೂ ಒಂದೇ: "ನಿಮ್ಮ ಪೆಟ್ಟಿಗೆಯಲ್ಲಿ ಏನಿದೆ?" ಬಹಳ ಮಂದಿಗೆ ಇದಕ್ಕೆ ಉತ್ತರ ಗೊತ್ತಿರುವುದಿಲ್ಲ. "ನಮ್ಮ ತಂದೆಯವರ ಕಾಲದ್ದು, ಒಂದು ರಾಶಿ ಇದೆ" ಎನ್ನುತ್ತಾರೆ. ಆ ರಾಶಿಯಲ್ಲಿ ಕಪ್ಪುಬಿಳುಪು ಎಷ್ಟು, ಕಲರ್ ಎಷ್ಟು, ಸ್ಲೈಡ್ ಎಷ್ಟು, ಫಿಲ್ಮಿನ ಅಗಲ ಎಷ್ಟು ಎಂದು ತಿಳಿಯದೆ ಯಂತ್ರದ ಮಾತೆತ್ತಿ ಪ್ರಯೋಜನವಿಲ್ಲ. ಅಂಗಡಿಗೆ ಹೋಗುವ ಮೊದಲು ಅಟ್ಟ ಹತ್ತಿ ಎಂಬುದೇ ನನ್ನ ಮೊದಲ ಸಲಹೆ. ಅದೂ ಮಳೆ ಬಿಟ್ಟು ಗಾಳಿ ಒಣಗಿರುವ ದಿನ ನೋಡಿಕೊಂಡು.

ನಮ್ಮ ಕಡೆಯ ಮನೆಗಳಲ್ಲಿ ಸಿಗುವ ಸಾಮಾನು ಹೆಚ್ಚುಕಡಿಮೆ ಮೂರು ಬಗೆ. ಅರವತ್ತು ಎಪ್ಪತ್ತರ ದಶಕದ್ದಾದರೆ ಅಗಲವಾದ ಕಪ್ಪುಬಿಳುಪು ನೆಗೆಟಿವ್. ಆಗ ಕ್ಯಾಮೆರಾ ಇಟ್ಟುಕೊಂಡಿದ್ದ ಮನೆಯೇ ಕಡಿಮೆ. ಇಟ್ಟುಕೊಂಡವರ ಬಳಿ ಬಹುಮಟ್ಟಿಗೆ ಆಗ್ಫಾ ಕ್ಲಿಕ್ ತ್ರೀ ಇರುತ್ತಿತ್ತು. ಅದಕ್ಕೆ 120 ಎಂಬ ರೀಲು. ಒಂದು ರೀಲಿಗೆ ಹನ್ನೆರಡೇ ಚಿತ್ರ, ಎಲ್ಲವೂ ಚೌಕ. ಹೆಸರಿಗೆ ಆರು ಸೆಂಟಿಮೀಟರ್, ಅಳೆದರೆ ಐದೂವರೆಗಿಂತ ತುಸು ಹೆಚ್ಚು. ರೀಲು ಪೂರ್ವ ಜರ್ಮನಿಯ ವೋಲ್ಫೆನ್ ಪಟ್ಟಣದಿಂದ ಬರುತ್ತಿದ್ದ ಓರ್ವೋ, ಇಲ್ಲವೇ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ಇಂದು ಎಂಬ ಹೆಸರಿನದು. ಎಂಬತ್ತರ ದಶಕದ ಕೊನೆಯಿಂದ ಈಚೆಗೆ ಬಂದರೆ 35 ಮಿಲಿಮೀಟರಿನ ಕಲರ್ ನೆಗೆಟಿವ್. ಮೂವತ್ತಾರು ಚಿತ್ರದ ರೀಲು, ಕಲರ್ ಲ್ಯಾಬಿನವರು ನಾಲ್ಕೋ ಆರೋ ಚಿತ್ರಕ್ಕೊಂದರಂತೆ ಕತ್ತರಿಸಿ, ಬಟರ್ ಪೇಪರಿನಲ್ಲೋ ಪ್ಲಾಸ್ಟಿಕ್ ಚೀಲದಲ್ಲೋ ಹಾಕಿ, ಪುಕ್ಕಟೆ ಆಲ್ಬಮ್ಮಿನ ಹಿಂದಿನ ಜೇಬಿಗೆ ತುರುಕಿ ಕೊಟ್ಟದ್ದು.

ಮೂರನೆಯದು ಸ್ಲೈಡು. ಇದು ಎಲ್ಲರ ಮನೆಯಲ್ಲಿ ಇರುವುದಿಲ್ಲ. ಇರುವ ಮನೆಯಲ್ಲಿ ಪೆಟ್ಟಿಗೆಗಟ್ಟಲೆ ಇರುತ್ತದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನೋ ಶಿಲ್ಪಕಲೆಯನ್ನೋ ಕಲಿಸಿದವರು, ಅಮೆರಿಕಕ್ಕೆ ಓದಲು ಹೋಗಿ ಬಂದವರು, ಮತ್ತೆ ಹಕ್ಕಿ, ಆನೆ ಎಂದು ಕಾಡು ಸುತ್ತಿದವರು, ಇಂಥವರ ಮನೆಗಳು ಅವು. ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕರಾದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರನ್ನು ನೋಡಿಕೊಂಡು ಒಂದು ತಲೆಮಾರೇ ಕ್ಯಾಮೆರಾ ಹೆಗಲಿಗೇರಿಸಿತು. 1971ರಲ್ಲಿ ಶುರುವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಕಡೆ ಪರಿಚಯವಾದವರು ಒಬ್ಬರ ಮನೆಗೊಬ್ಬರು ಹೋಗಿ, ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರ್ ಹಾಕಿ ನೋಡುತ್ತಿದ್ದ ಕಾಲ ಅದು. ವಾರಪತ್ರಿಕೆಯ ಮುಖಪುಟಕ್ಕೆ ಕಲರ್ ಚಿತ್ರ ಬೇಕೆಂದರೆ ಪ್ರಿಂಟ್ ಬೇಡ, ಟ್ರಾನ್ಸ್‌ಪರೆನ್ಸಿ, ಅಂದರೆ ಸ್ಲೈಡನ್ನೇ, ಕಳಿಸಿ ಎನ್ನುತ್ತಿದ್ದರು. ಆ ಸ್ಲೈಡುಗಳೇ ಇವತ್ತು ಎರಡಿಂಚಿನ ರಟ್ಟಿನ ಚೌಕಟ್ಟಿನೊಳಗೆ ಕೂತಿರುವುದು.

ಊರಿನ ಹಳೆಯ ಸ್ಟುಡಿಯೋದವರ ಪೆಟ್ಟಿಗೆಯ ಮಾತು ಬೇರೆ. ಅಲ್ಲಿ ಗಾಜಿನ ಪ್ಲೇಟುಗಳೂ ಇರಬಹುದು. ಇವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮದುಮಗಳ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಸೀಸದ ಕಡ್ಡಿಯಿಂದ ಎಳೆದ ಕೂದಲಿನಷ್ಟು ಸಣ್ಣ ಗೆರೆಗಳು ಕಾಣುತ್ತವೆ. ಸಿಡುಬಿನ ಕಲೆ, ಕಣ್ಣ ಕೆಳಗಿನ ಕಪ್ಪು ಇವನ್ನೆಲ್ಲ ಪ್ರಿಂಟಿನಲ್ಲಿ ಕಾಣದಂತೆ ಮಾಡುತ್ತಿದ್ದ ರಿಟಚ್ ಕೆಲಸ ಅದು. ಕೆಲವದರಲ್ಲಿ ಹಿನ್ನೆಲೆ ಮುಚ್ಚಲು ಕೆಂಪು ಬಣ್ಣ ಬಳಿದಿರುತ್ತಾರೆ. ಕೊಳೆ ಎಂದುಕೊಂಡು ಅದನ್ನು ಒರೆಸಿಬಿಟ್ಟರೆ ಆ ಕಲಾವಿದನ ಕೈ ಅಲ್ಲಿಗೆ ಅಳಿಸಿಹೋಯಿತು.

ಈಗ ಯಂತ್ರಕ್ಕೆ ಬರೋಣ. ಮೊಟ್ಟಮೊದಲು ಯಾವುದು ಆಗುವುದಿಲ್ಲ ಎಂದು ಹೇಳಿಬಿಡುತ್ತೇನೆ. ಆಫೀಸಿನಲ್ಲಿ, ಜೆರಾಕ್ಸ್ ಅಂಗಡಿಯಲ್ಲಿ ಇರುವ ಮಾಮೂಲಿ ಸ್ಕ್ಯಾನರಿನಲ್ಲಿ ನೆಗೆಟಿವ್ ಆಗುವುದಿಲ್ಲ. ಅದರ ದೀಪ ಇರುವುದು ಗಾಜಿನ ಕೆಳಗೆ. ಕಾಗದದ ಮೇಲೆ ಬಿದ್ದ ಬೆಳಕು ತಿರುಗಿ ಬರುವುದನ್ನು ಅದು ಓದುತ್ತದೆ. ಫಿಲ್ಮಿಗೆ ಬೇಕಾದದ್ದು ತೂರಿ ಬರುವ ಬೆಳಕು. ಅದಕ್ಕೆ ಮುಚ್ಚಳದಲ್ಲೂ ಒಂದು ದೀಪ ಇರಬೇಕು. ಎಪ್ಸನ್ ಪರ್ಫೆಕ್ಷನ್ ವಿ600, ವಿ850 ಇವೆಲ್ಲ ಹಾಗೆ ಮುಚ್ಚಳದಲ್ಲಿ ದೀಪ ಇರುವ ಫ್ಲಾಟ್‌ಬೆಡ್ ಸ್ಕ್ಯಾನರುಗಳು. ಇನ್ನೊಂದು ಜಾತಿ ಫಿಲ್ಮಿಗೆಂದೇ ಮಾಡಿದ್ದು. ಪ್ಲಸ್ಟೆಕ್ ಕಂಪನಿಯ ಆಪ್ಟಿಕ್‌ಫಿಲ್ಮ್ 8100, 8200ಐ ಈ ಜಾತಿಯವು. ಗಾತ್ರದಲ್ಲಿ ಬ್ರೆಡ್ಡಿನ ಪೊಟ್ಟಣದಷ್ಟು, ಪಕ್ಕದಲ್ಲಿ ಒಂದು ಸೀಳು, ಅದರೊಳಗೆ ಫಿಲ್ಮಿನ ಚೌಕಟ್ಟನ್ನು ಕೈಯಿಂದ ಒಂದೊಂದೇ ಚಿತ್ರದಷ್ಟು ಮುಂದಕ್ಕೆ ತಳ್ಳುತ್ತ ಹೋಗಬೇಕು.

ಇಷ್ಟು ಹೇಳಿದ ಕೂಡಲೇ ಗಣಿತ ಬಲ್ಲವರು ಡಬ್ಬದ ಮೇಲಿನ ಅಂಕಿ ಓದುತ್ತಾರೆ. ವಿ600 ಮೇಲೆ 6400 ಡಿಪಿಐ ಎಂದಿದೆ, ಪ್ಲಸ್ಟೆಕ್ ಮೇಲೆ 7200 ಎಂದಿದೆ, ವ್ಯತ್ಯಾಸ ಅಷ್ಟೇನೂ ಇಲ್ಲವಲ್ಲ ಎನ್ನುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿಯೇ. ಡಿಪಿಐ ಎಂದರೆ ಒಂದು ಇಂಚಿನಲ್ಲಿ ಯಂತ್ರ ಎಷ್ಟು ಚುಕ್ಕೆ ಎಣಿಸುತ್ತದೆ ಎಂಬ ಲೆಕ್ಕ. ಎಣಿಸಿದ ಚುಕ್ಕೆಗಳಲ್ಲಿ ಹೊಸ ವಿವರ ಇದೆಯೇ, ಪಕ್ಕದ ಚುಕ್ಕೆಯ ಮಸುಕು ನಕಲೇ ಎಂದು ಆ ಅಂಕಿ ಹೇಳುವುದಿಲ್ಲ. ಒಂದು ಸೇರು ಹಾಲಿಗೆ ಮೂರು ಸೇರು ನೀರು ಹೊಯ್ದರೆ ಪಾತ್ರೆಯಲ್ಲಿ ನಾಲ್ಕು ಸೇರೇನೋ ಇರುತ್ತದೆ, ಹಾಲು ಮಾತ್ರ ಒಂದೇ ಸೇರು.

ಹಾಲು ಎಷ್ಟು ಎಂದು ಅಳೆಯುವುದಕ್ಕೆ ಒಂದು ಉಪಾಯ ಇದೆ. ಅಮೆರಿಕದ ವಾಯುಪಡೆ 1951ರಲ್ಲಿ ನಿಗದಿ ಮಾಡಿದ ಒಂದು ಪರೀಕ್ಷಾ ಫಲಕ ಇವತ್ತಿಗೂ ಬಳಕೆಯಲ್ಲಿದೆ. ಗಾಜಿನ ಮೇಲೆ ಮೂರು ಮೂರು ಅಡ್ಡಗೆರೆ, ಮೂರು ಮೂರು ಉದ್ದಗೆರೆ, ಬರಬರುತ್ತ ಸಣ್ಣದಾಗುತ್ತ ಹೋಗುತ್ತವೆ. ಅದನ್ನು ಸ್ಕ್ಯಾನ್ ಮಾಡಿ, ಎಲ್ಲಿಯವರೆಗೆ ಮೂರು ಗೆರೆ ಮೂರಾಗಿಯೇ ಕಾಣುತ್ತವೆ, ಎಲ್ಲಿ ಕಲಸಿಕೊಂಡು ಒಂದಾಗುತ್ತವೆ ಎಂದು ನೋಡಿದರೆ ಯಂತ್ರದ ನಿಜವಾದ ಶಕ್ತಿ ತಿಳಿಯುತ್ತದೆ. ಹಾಗೆ ಅಳೆದವರಿಗೆ ವಿ600ನಲ್ಲಿ ಸಿಕ್ಕಿದ್ದು ಸುಮಾರು 1500ರಿಂದ 1600. ಅದಕ್ಕಿಂತ ಎಷ್ಟೋ ದುಬಾರಿಯಾದ ವಿ850ನಲ್ಲಿ ಸುಮಾರು 2300. ಪ್ಲಸ್ಟೆಕ್ 8200ಐಯಲ್ಲಿ 3200ರ ಮೇಲೆ ಸ್ವಲ್ಪ. ನಿಕಾನ್ ಕಂಪನಿ ಬಹಳ ಹಿಂದೆಯೇ ನಿಲ್ಲಿಸಿಬಿಟ್ಟ ಕೂಲ್‌ಸ್ಕ್ಯಾನ್ 5000 ಮಾತ್ರ ತಾನು ಹೇಳಿಕೊಂಡ 4000ದ ಹತ್ತಿರ ಹತ್ತಿರ ನಿಜವಾಗಿಯೇ ಕೊಡುತ್ತಿತ್ತು.

ಇದನ್ನು ನಮ್ಮ ಪೆಟ್ಟಿಗೆಗೆ ಹೊಂದಿಸಿ ನೋಡೋಣ. 35 ಮಿಲಿಮೀಟರ್ ನೆಗೆಟಿವಿನ ಒಂದು ಚಿತ್ರ 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲ. ಉದ್ದ ಒಂದೂವರೆ ಇಂಚೂ ಇಲ್ಲ. ಅದನ್ನು 1600 ಡಿಪಿಐಯಲ್ಲಿ ಓದಿದರೆ ಮೂರೂವರೆ ಮೆಗಾಪಿಕ್ಸೆಲ್ ಬಂತು. 4×6 ಇಂಚಿನ ಪ್ರಿಂಟಿಗೆ, ವಾಟ್ಸಾಪಿನಲ್ಲಿ ಅತ್ತೆಗೆ ಕಳಿಸುವುದಕ್ಕೆ ಧಾರಾಳ ಸಾಕು. 8×12 ಇಂಚಿನ ಪ್ರಿಂಟು ಹಾಕಿಸಿ ಗೋಡೆಗೆ ತೂಗುಹಾಕಬೇಕೆಂದರೆ ಸಾಲದು, ಅದಕ್ಕೆ ಎಂಟೂವರೆ ಮೆಗಾಪಿಕ್ಸೆಲ್ ಬೇಕು. ಅದೇ ಚಿತ್ರ 3200ರಲ್ಲಿ ಹದಿಮೂರು ಹದಿನಾಲ್ಕು ಮೆಗಾಪಿಕ್ಸೆಲ್ ಆಗುತ್ತದೆ. ಆದ್ದರಿಂದ 35 ಮಿಲಿಮೀಟರಿನ ರಾಶಿಯೇ ದೊಡ್ಡದಾಗಿದ್ದರೆ ಫಿಲ್ಮಿಗೆಂದೇ ಮಾಡಿದ ಯಂತ್ರ ಕೊಳ್ಳಿ.

ಕ್ಲಿಕ್ ತ್ರೀಯ ಚೌಕ ನೆಗೆಟಿವ್‌ಗೆ ಬಂದರೆ ಲೆಕ್ಕ ತಿರುಗುಮುರುಗು. ಅದು ಎರಡಿಂಚಿಗಿಂತ ದೊಡ್ಡದು. ಅದೇ ಬಡ ವಿ600 ತನ್ನ 1600ರಲ್ಲಿ ಓದಿದರೂ ಹನ್ನೆರಡು ಮೆಗಾಪಿಕ್ಸೆಲ್ ಸಿಗುತ್ತದೆ. ಕ್ಲಿಕ್ ತ್ರೀಯ ಲೆನ್ಸ್ ಅಂಥ ಚೂಪಿನದೂ ಅಲ್ಲ; ಅದಕ್ಕಿಂತ ಹೆಚ್ಚು ಓದಿದರೆ ಲೆನ್ಸಿನ ಮಸುಕನ್ನು ಇನ್ನಷ್ಟು ಸ್ಪಷ್ಟವಾಗಿ ನೋಡಬಹುದು, ಅಷ್ಟೇ. ಮೇಲಾಗಿ ಪ್ಲಸ್ಟೆಕ್ 8100, 8200ಐಗಳ ಸೀಳಿನೊಳಕ್ಕೆ 120 ಫಿಲ್ಮ್ ಹೋಗುವುದೇ ಇಲ್ಲ. ಗಾಜಿನ ಪ್ಲೇಟಿನ ಮಾತಂತೂ ದೂರ. ಅಜ್ಜನ ಕಾಲದ ಚೌಕ ನೆಗೆಟಿವ್ ಹೆಚ್ಚಾಗಿದ್ದು 35 ಮಿಲಿಮೀಟರಿನದು ಅಲ್ಲೊಂದು ಇಲ್ಲೊಂದು ಎಂದಿದ್ದರೆ ಫ್ಲಾಟ್‌ಬೆಡ್ಡೇ ಸರಿ. ಆಲ್ಬಮ್ಮಿನಲ್ಲಿರುವ, ನೆಗೆಟಿವ್ ಕಳೆದುಹೋದ ಪ್ರಿಂಟುಗಳನ್ನೂ ಅದೇ ಓದಿಕೊಡುತ್ತದೆ. ಅಂಗಡಿಯವರು ಈ ಲೆಕ್ಕ ಹೇಳುವುದಿಲ್ಲ, ದುಬಾರಿಯದನ್ನು ತೋರಿಸುತ್ತಾರೆ.

ಇನ್ನು ಧೂಳು. ಈ ಕೆಲಸಕ್ಕೆ ಕೈಹಾಕಿದವರನ್ನು ಅರ್ಧದಲ್ಲಿ ನಿಲ್ಲಿಸುವುದು ಬೆಲೆಯೂ ಅಲ್ಲ, ಡಿಪಿಐಯೂ ಅಲ್ಲ, ಧೂಳು. ಬರಿಗಣ್ಣಿಗೆ ಚೊಕ್ಕಟವಾಗಿ ಕಂಡ ನೆಗೆಟಿವನ್ನು ಪರದೆಯ ಮೇಲೆ ದೊಡ್ಡದು ಮಾಡಿದರೆ ಅಮ್ಮನ ಮುಖದ ತುಂಬ ಬಿಳಿ ಚುಕ್ಕೆ, ನೂಲಿನೆಳೆ, ಗೀರು. ನೆಗೆಟಿವಿನಲ್ಲಿ ಧೂಳು ಬೆಳಕು ತಡೆಯುತ್ತದೆ, ತಿರುಗಿಸಿದಾಗ ಬಿಳಿಯಾಗಿ ಕಾಣುತ್ತದೆ. ಸ್ಲೈಡಿನಲ್ಲಾದರೆ ಕಪ್ಪು. ಒಂದೊಂದನ್ನೇ ಕಂಪ್ಯೂಟರಿನಲ್ಲಿ ಅಳಿಸುತ್ತ ಕೂತರೆ ಒಂದು ಚಿತ್ರಕ್ಕೆ ಒಂದು ಸಂಜೆ ಹೋಗುತ್ತದೆ.

ಇದಕ್ಕೆ ಒಂದು ಜಾಣ ಪರಿಹಾರ ಉಂಟು. ಕೆಲವು ಸ್ಕ್ಯಾನರುಗಳು ಮಾಮೂಲಿ ಬೆಳಕಿನ ಜೊತೆಗೆ ಇನ್ನೊಂದು ಸಲ ಅವಕೆಂಪು ಕಿರಣದಲ್ಲೂ, ಅಂದರೆ ಇನ್‌ಫ್ರಾರೆಡ್ಡಿನಲ್ಲೂ, ಓದುತ್ತವೆ. ಕಲರ್ ಫಿಲ್ಮನ್ನು ತೊಳೆಯುವಾಗ ಅದರ ಬೆಳ್ಳಿಯೆಲ್ಲ ಹೋಗಿ ಬಣ್ಣ ಮಾತ್ರ ಉಳಿದಿರುತ್ತದೆ. ಅವಕೆಂಪು ಕಿರಣಕ್ಕೆ ಆ ಬಣ್ಣ ಕಾಣುವುದಿಲ್ಲ, ಗಾಜಿನೊಳಗೆ ಹೋದಂತೆ ತೂರಿ ಹೋಗುತ್ತದೆ. ಧೂಳು, ಗೀರು ಮಾತ್ರ ಅಡ್ಡ ನಿಲ್ಲುತ್ತವೆ. ಎಲ್ಲಿ ಅಡ್ಡ ನಿಂತಿತೋ ಅಲ್ಲಿ ಕಳಂಕ ಇದೆ ಎಂದು ಯಂತ್ರ ಗುರುತು ಹಾಕಿಕೊಂಡು, ಅಕ್ಕಪಕ್ಕದ ಬಣ್ಣದಿಂದ ತೇಪೆ ಹಾಕುತ್ತದೆ. ಡಿಜಿಟಲ್ ಐಸ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾದದ್ದು ಇದೇ. ವಿ600, ವಿ850ರಲ್ಲಿ ಇದೆ. ಪ್ಲಸ್ಟೆಕ್‌ನವರು 8200ಐಯಲ್ಲಿ ಅವಕೆಂಪು ದೀಪ ಇಟ್ಟಿದ್ದಾರೆ, 8100ರಲ್ಲಿ ಇಟ್ಟಿಲ್ಲ. ಆ ಐ ಅಕ್ಷರಕ್ಕೇ ಹೆಚ್ಚಿನ ದುಡ್ಡು.

ಕಪ್ಪುಬಿಳುಪಿನಲ್ಲಿ ಈ ವಿದ್ಯೆ ನಡೆಯುವುದಿಲ್ಲ. ಓರ್ವೋ ಆಗಲಿ, ಇಂದು ಆಗಲಿ, ಚಿತ್ರ ನಿಂತಿರುವುದು ಬೆಳ್ಳಿಯ ಕಣಗಳ ಮೇಲೆ. ಬೆಳ್ಳಿ ಅವಕೆಂಪು ಕಿರಣವನ್ನೂ ತಡೆಯುತ್ತದೆ. ಯಂತ್ರಕ್ಕೆ ಅಜ್ಜಿಯ ಮೂಗುತಿಯೂ ಧೂಳೇ, ಅಜ್ಜನ ಮೀಸೆಯೂ ಧೂಳೇ. ಚಾಲೂ ಮಾಡಿದರೆ ಮುಖ ಮೇಣ ಕರಗಿದಂತೆ ಆಗಿಬಿಡುತ್ತದೆ. ಕಪ್ಪುಬಿಳುಪಿಗೆ ಡಿಜಿಟಲ್ ಐಸನ್ನು ಬಂದ್ ಮಾಡಿಡಿ. ಪೆಟ್ಟಿಗೆಯಲ್ಲಿ ಕಪ್ಪುಬಿಳುಪೇ ತುಂಬಿದ್ದರೆ ಅದಕ್ಕೆಂದು ದುಡ್ಡು ಸುರಿಯಲೇಬೇಡಿ, ಆ ದುಡ್ಡಿನಲ್ಲಿ ಒಂದು ಒಳ್ಳೆಯ ರಬ್ಬರ್ ಬ್ಲೋವರ್ ಮತ್ತು ನೆಗೆಟಿವ್ ಇಡುವ ಕವರುಗಳನ್ನು ತನ್ನಿ. ಕೊಡಾಕ್ರೋಮ್ ಎಂಬ ಸ್ಲೈಡ್ ಫಿಲ್ಮೂ ಇದೇ ತಕರಾರಿನದು. ಅದರ ಬಣ್ಣಗಳು ಅವಕೆಂಪು ಕಿರಣವನ್ನು ಒಂದಿಷ್ಟು ಹಿಡಿಯುತ್ತವೆ, ತೇಪೆ ಎಲ್ಲೆಲ್ಲೋ ಬೀಳುತ್ತದೆ. ಹಾಗೆಂದು ಕೊಡಾಕ್ರೋಮನ್ನು ಹಗುರವಾಗಿ ನೋಡಬೇಡಿ. ಕತ್ತಲಲ್ಲಿ ಇಟ್ಟ ಕೊಡಾಕ್ರೋಮಿನ ಬಣ್ಣ ದಶಕಗಟ್ಟಲೆ ಕದಲುವುದಿಲ್ಲ. 2009ರಲ್ಲಿ ಅದರ ತಯಾರಿಕೆ ನಿಂತು, ಮರುವರ್ಷದ ಕೊನೆಗೆ ಅಮೆರಿಕದ ಕಾನ್ಸಾಸ್‌ನಲ್ಲಿದ್ದ ಕೊನೆಯ ಲ್ಯಾಬೂ ಅದನ್ನು ತೊಳೆಯುವುದು ನಿಲ್ಲಿಸಿತು. ತೊಳೆಸದೆ ಉಳಿದ ರೀಲು ನಿಮ್ಮಲ್ಲಿದ್ದರೆ ಅದರಿಂದ ಕಲರ್ ಚಿತ್ರ ಬರುವ ಆಸೆ ಇಟ್ಟುಕೊಳ್ಳಬೇಡಿ.

ಸ್ಲೈಡಿನವರಿಗೆ ಇನ್ನೊಂದು ಮಾತು. ಬೇಲೂರಿನ ನವರಂಗದೊಳಗೆ ನಿಂತು ತೆಗೆದ ಸ್ಲೈಡನ್ನು ಪ್ರೊಜೆಕ್ಟರಿನಲ್ಲಿ ನೋಡಿದರೆ ಕಂಬದ ನೆರಳಿನಲ್ಲೂ ಕೆತ್ತನೆ ಕಾಣುತ್ತದೆ, ಅದರ ದೀಪ ಅಷ್ಟು ಪ್ರಖರ. ಸ್ಕ್ಯಾನರಿಗೆ ಆ ಕತ್ತಲು ದಾಟುವುದು ಕಷ್ಟ. ಸ್ಲೈಡಿನ ಕಪ್ಪು ನೆಗೆಟಿವಿನ ಕಪ್ಪಿಗಿಂತ ಬಹಳ ಗಾಢ. ಸಾಧಾರಣ ಫ್ಲಾಟ್‌ಬೆಡ್ಡಿನಲ್ಲಿ ಓದಿಸಿದರೆ ನೆರಳಿನ ಕಡೆ ಕೆತ್ತನೆ ಮಾಯವಾಗಿ, ಕೆಂಪು ಹಸಿರು ರವೆ ಚೆಲ್ಲಿದಂತೆ ಕಾಣುತ್ತದೆ. ಡಬ್ಬದ ಮೇಲೆ ಡಿಮ್ಯಾಕ್ಸ್ ಎಂದು ಬರೆದಿರುವುದು ಈ ಕತ್ತಲು ದಾಟುವ ಶಕ್ತಿಗೆ. ಡಿಪಿಐಯಂತೆ ಅದೂ ಉಬ್ಬಿಸಿ ಹೇಳಿದ್ದೇ. ನೆಗೆಟಿವ್ ಮಾತ್ರ ಇರುವವರು ಅದಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ; ಸ್ಲೈಡೇ ನಿಮ್ಮ ಆಸ್ತಿಯಾಗಿದ್ದರೆ ಇಂಥ ಒಂದು ಕತ್ತಲ ಸ್ಲೈಡನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಓದಿಸಿ ನೋಡಿದ ಮೇಲೆ ಕೊಳ್ಳಿ.

ಹಾಗಾದರೆ ಹಳೆಯ ನಿಕಾನ್ ಕೂಲ್‌ಸ್ಕ್ಯಾನ್ ಸೆಕೆಂಡ್‌ಹ್ಯಾಂಡ್ ತರಿಸಿಕೊಳ್ಳಬಹುದಲ್ಲ ಎಂದು ಬಲ್ಲವರು ಕೇಳುತ್ತಾರೆ. ಯಂತ್ರವೇನೋ ರತ್ನ. ರಿಪೇರಿಗೆ ಜನ ಇಲ್ಲ, ಬಿಡಿಭಾಗ ಇಲ್ಲ, ನಿಕಾನ್ ಕೊಟ್ಟ ಸಾಫ್ಟ್‌ವೇರ್ ಈಗಿನ ಕಂಪ್ಯೂಟರಿನಲ್ಲಿ ಸುಲಭಕ್ಕೆ ಏಳುವುದಿಲ್ಲ. ವ್ಯೂಸ್ಕ್ಯಾನ್ ಎಂಬ ಬೇರೆ ಸಾಫ್ಟ್‌ವೇರ್ ಕೊಂಡು ಎಬ್ಬಿಸಬಹುದು. ದೊಡ್ಡ ಮಾದರಿಯಾದ 9000ಕ್ಕೆ ಫೈರ್‌ವೈರ್ ಎಂಬ ಹಳೆಯ ಕೇಬಲ್ಲಿನ ಕಿಂಡಿ ಬೇಕು, ಅದು ಈಗಿನ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಒಳಗಿನ ಕನ್ನಡಿಗೆ ಧೂಳು ಕೂತಿದ್ದರೆ ಬಿಳಿ ಪಂಚೆಯ ಅಂಚಿನಿಂದ ಪ್ರಭೆ ಹರಿದಂತೆ ಮಂಜು ಮಂಜಾಗಿ ಬರುತ್ತದೆ. ಬಿಚ್ಚಿ ಜೋಡಿಸುವ ಧೈರ್ಯ ಇದ್ದವರಿಗೆ ಮಾತ್ರ ಅದು.

ಪುಟ್ಟ ಪರದೆ ಇರುವ, ಕಂಪ್ಯೂಟರೇ ಬೇಡದ, ಒಂದು ಗುಂಡಿ ಒತ್ತಿದರೆ ಚಿತ್ರ ಬರುವ ಅಗ್ಗದ ಡಬ್ಬಿಗಳೂ ಬಂದಿವೆ. ಅವು ಸ್ಕ್ಯಾನರ್ ಅಲ್ಲವೇ ಅಲ್ಲ, ಒಳಗೆ ಒಂದು ಸಣ್ಣ ಕ್ಯಾಮೆರಾ ಇಟ್ಟ ಪೆಟ್ಟಿಗೆ. ಅಂಚು ಕತ್ತರಿಸುತ್ತವೆ, ಜೆಪೆಗ್ ಬಿಟ್ಟು ಬೇರೆ ಕೊಡುವುದಿಲ್ಲ, ಧೂಳಿಗೆ ಮದ್ದಿಲ್ಲ. ಆದರೆ ಒಂದು ಉಪಯೋಗ ಇದೆ. ರಾಶಿಯಲ್ಲಿ ಏನೇನಿದೆ ಎಂದು ಒಂದು ಭಾನುವಾರ ಕೂತು ನೋಡಿ, ಯಾವುದನ್ನು ಒಳ್ಳೆಯ ಯಂತ್ರಕ್ಕೆ ಕೊಡಬೇಕೆಂದು ಆರಿಸುವುದಕ್ಕೆ ಚೆನ್ನಾಗಿದೆ. ಅದೇ ಕೊನೆಯ ಪ್ರತಿ ಎಂದು ಮಾತ್ರ ಇಟ್ಟುಕೊಳ್ಳಬೇಡಿ.

ನನ್ನನ್ನು ಕೇಳಿದರೆ ಇವತ್ತು ಎಷ್ಟೋ ಮನೆಗಳಿಗೆ ಸ್ಕ್ಯಾನರೇ ಬೇಡ, ಕ್ಯಾಮೆರಾ ಸಾಕು. ಇಪ್ಪತ್ನಾಲ್ಕು ಮೆಗಾಪಿಕ್ಸೆಲಿನ ಕ್ಯಾಮೆರಾಕ್ಕೆ ನೆಗೆಟಿವನ್ನು ಅದರ ನಿಜ ಗಾತ್ರದಲ್ಲೇ ಹಿಡಿಯುವ ಮ್ಯಾಕ್ರೋ ಲೆನ್ಸ್ ಹಾಕಿ ಚೌಕಟ್ಟು ತುಂಬುವಂತೆ ತೆಗೆದರೆ 35 ಮಿಲಿಮೀಟರಿನ ಚಿತ್ರ 4200 ಡಿಪಿಐಗೆ ಸಮ ಆಗುತ್ತದೆ. ಲೆನ್ಸ್ ಒಳ್ಳೆಯದಿದ್ದರೆ ವಿವರವೂ ಆ ಮಟ್ಟಕ್ಕೆ ಹತ್ತಿರ. ಊರಿನ ಮದುವೆ ಫೋಟೋಗ್ರಾಫರ ಬಳಿ ಇಂಥ ಲೆನ್ಸ್ ಇದ್ದೇ ಇರುತ್ತದೆ, ಉಂಗುರ, ವಂಕಿ, ತಾಳಿಯ ಕ್ಲೋಸಪ್ ತೆಗೆಯಲು ಬೇಕಲ್ಲ. ಕೆಳಗೆ ಬಣ್ಣ ಸರಿಯಾಗಿ ತೋರುವ, ಸಿಆರ್‌ಐ ಎಂಬ ಅಂಕ 95ಕ್ಕಿಂತ ಮೇಲಿರುವ ಎಲ್‌ಇಡಿ ಫಲಕ, ಅದರ ಮೇಲೆ ನೆಗೆಟಿವ್ ಚಪ್ಪಟೆ ಹಿಡಿಯುವ ಚೌಕಟ್ಟು, ಕ್ಯಾಮೆರಾ ನೇರ ಕೆಳಗೆ ನೋಡುವಂಥ ಸ್ಟ್ಯಾಂಡು. ನೇರ ಇದೆಯೇ ಎಂದು ತಿಳಿಯಲು ನೆಗೆಟಿವ್ ಇಡುವ ಜಾಗದಲ್ಲಿ ಒಂದು ಕನ್ನಡಿ ತುಂಡು ಇಡಿ. ಲೆನ್ಸಿನ ಪ್ರತಿಬಿಂಬ ಸರಿಯಾಗಿ ಚಿತ್ರದ ನಡುವೆ ಬಂದರೆ ಸಮ. ಕೋಣೆಯ ದೀಪ ಆರಿಸಿ ಕೂತರೆ ಒಂದು ರೀಲು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಸ್ಕ್ಯಾನರಿನಲ್ಲಾದರೆ ಹಾಕಿ, ಒರೆಸಿ, ಓದಿಸುವುದಕ್ಕೆ ಚಿತ್ರಕ್ಕೆ ನಾಲ್ಕು ನಿಮಿಷ ಎಂದಿಟ್ಟುಕೊಂಡರೂ ಸಾವಿರ ಚಿತ್ರಕ್ಕೆ 66 ಗಂಟೆಗೂ ಹೆಚ್ಚು. ನಿವೃತ್ತರು ಬೇಕಾದರೆ ಮಾಡಿಯಾರು.

ಕ್ಯಾಮೆರಾದ ದೋಷ ಎರಡು. ಅವಕೆಂಪಿನ ತೇಪೆ ಇಲ್ಲ, ಆದ್ದರಿಂದ ಧೂಳನ್ನು ಮೊದಲೇ ಊದಿ ತೆಗೆಯಬೇಕು. ಇನ್ನೊಂದು, ಕಲರ್ ನೆಗೆಟಿವಿನ ಕಿತ್ತಳೆ ಛಾಯೆ. ಬಣ್ಣಗಳ ಅಶುದ್ಧಿಯನ್ನು ಪ್ರಿಂಟ್ ಹಾಕುವಾಗ ಸರಿದೂಗಿಸಲೆಂದು ಫಿಲ್ಮ್ ಮಾಡುವವರೇ ಬೇಕೆಂದು ಇಟ್ಟ ಛಾಯೆ ಅದು. ಸುಮ್ಮನೆ ತಿರುಗಿಸಿದರೆ ಎಲ್ಲರೂ ನೀಲಿಗಟ್ಟಿ ಕಾಣುತ್ತಾರೆ. ನೆಗೆಟಿವ್ ಲ್ಯಾಬ್ ಪ್ರೋದಂಥ ಸಾಫ್ಟ್‌ವೇರ್ ಬೇಕು, ಕಣ್ಣೂ ಬೇಕು. ಕಪ್ಪುಬಿಳುಪಿಗೆ ಈ ರಗಳೆ ಇಲ್ಲ. ಅವಕೆಂಪಿನಿಂದ ಅದಕ್ಕೆ ಹೇಗೂ ಪ್ರಯೋಜನವಿಲ್ಲವಾದ್ದರಿಂದ ಕಪ್ಪುಬಿಳುಪಿನವರಿಗೆ ಕ್ಯಾಮೆರಾವೇ ಲಾಭ.

ಯಂತ್ರ ಯಾವುದೇ ಇರಲಿ, ಫಿಲ್ಮನ್ನು ಕೈಗೆತ್ತಿಕೊಂಡಾಗ ಅಂಚು ನೋಡುವ ಅಭ್ಯಾಸ ಮಾಡಿಕೊಳ್ಳಿ. ತೂತುಗಳ ಪಕ್ಕದಲ್ಲಿ ಫಿಲ್ಮಿನ ಹೆಸರು ಇರುತ್ತದೆ, 5, 5ಎ, 6, 6ಎ ಎಂದು ಸಾಲುಸಂಖ್ಯೆ ಇರುತ್ತದೆ. ಫೈಲಿಗೆ ಹೆಸರಿಡುವಾಗ ಆ ಸಂಖ್ಯೆಯನ್ನೇ ಇಟ್ಟರೆ ಧಾರೆ ಮೊದಲೋ ಊಟ ಮೊದಲೋ ಎಂಬ ಜಗಳ ಇರುವುದಿಲ್ಲ. ಒಂದು ಮಗ್ಗುಲು ಹೊಳೆಯುತ್ತದೆ, ಇನ್ನೊಂದು ಮಾಸಲು. ಮಾಸಲು ಕಡೆಯೇ ಚಿತ್ರದ ಪದರ, ಅದನ್ನು ಮುಟ್ಟಬೇಡಿ. ಹೊಳೆಯುವ ಕಡೆಯಿಂದ ನೋಡಿದಾಗ ಅಂಚಿನ ಅಕ್ಷರ ಸರಿಯಾಗಿ ಓದಲು ಬಂದರೆ ಚಿತ್ರವೂ ನೆಟ್ಟಗಿದೆ ಎಂದರ್ಥ. ತಿರುಗುಮುರುಗಾಗಿ ಹಾಕಿದರೆ ಎಡ ಬಲ ಅದಲುಬದಲಾಗುತ್ತದೆ. ಪರದೆಯ ಮೇಲೆ ನಮ್ಮ ಹೆಂಗಸರ ಸೆರಗೆಲ್ಲ ಬಲಗಡೆ ಹೆಗಲ ಮೇಲೆ ಕಂಡರೆ, ಶರ್ಟಿನ ಜೇಬು ಬಲಕ್ಕೆ ಹೋಗಿದ್ದರೆ, ಹಿಂದಿನ ಅಂಗಡಿಯ ಬೋರ್ಡು ಓದಲಾಗದಿದ್ದರೆ ನಿಲ್ಲಿಸಿ ತಿರುಗಿಸಿ ಹಾಕಿ. ಗುಜರಾತಿನ ಬೀಗರಂಥವರು ಇದಕ್ಕೆ ಹೊರತು, ಅವರ ಸೆರಗು ಬಲಕ್ಕೇ.

ಮಲೆನಾಡು, ಕರಾವಳಿಯವರ ಪೆಟ್ಟಿಗೆಯಲ್ಲಿ ಬೂಷ್ಟು ಕಾಣಿಸಿಕೊಳ್ಳುವುದು ಸಾಮಾನ್ಯ. ಚಿತ್ರದ ಪದರ ಜೆಲಟಿನ್ನಿನದು, ಬೂಷ್ಟಿಗೆ ಅದೇ ಊಟ. ಒದ್ದೆ ಬಟ್ಟೆಯಲ್ಲಿ ಒರೆಸುವ ಉತ್ಸಾಹ ಬೇಡ, ಬೂಷ್ಟು ತಿಂದ ಜೆಲಟಿನ್ ನೀರು ಸೋಕಿದರೆ ಕರಗುತ್ತದೆ, ಬೂಷ್ಟಿನ ಜೊತೆ ಚಿತ್ರವೂ ಬಟ್ಟೆಗೆ ಅಂಟಿ ಬರುತ್ತದೆ. ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿಯಲ್ಲಿ ಇಟ್ಟು, ಇದ್ದ ಹಾಗೆಯೇ ಓದಿಸಿ. ಪೆಟ್ಟಿಗೆ ತೆರೆದ ಕೂಡಲೇ ವಿನೆಗರಿನ ಹುಳಿ ವಾಸನೆ ಹೊಡೆದರೆ ಅದು ಬೇರೆ ರೋಗ. ಫಿಲ್ಮಿನ ಅಸಿಟೇಟ್ ತಳವೇ ಕೊಳೆಯುತ್ತಿದೆ, ಸುರುಟಿಕೊಂಡು ಪದರ ಬಿಟ್ಟುಹೋಗುತ್ತದೆ. ಅದು ಪಕ್ಕದ ಫಿಲ್ಮಿಗೂ ತಗಲುತ್ತದೆ. ವಾಸನೆ ಬಂದದ್ದನ್ನು ಬೇರೆ ಇಡಿ, ಸರದಿಯಲ್ಲಿ ಮೊದಲು ಅದನ್ನೇ ಓದಿಸಿ.

ಎಷ್ಟು ಡಿಪಿಐಯಲ್ಲಿ ಓದಿಸುವುದು? ಪ್ಲಸ್ಟೆಕ್ ಇದ್ದವರು 7200 ಒತ್ತಬೇಡಿ. ಒಂದೊಂದು ಚಿತ್ರ 400 ಎಂಬಿ ದಾಟುತ್ತದೆ, ಮುಕ್ಕಾಲು ಪಾಲು ನೀರು. 3600 ಸಾಕು. ಒಂದು ಪ್ರತಿ ಟಿಫ್ ರೂಪದಲ್ಲಿ, ಬಣ್ಣಕ್ಕೆ 16 ಬಿಟ್‌ನಂತೆ ಇಟ್ಟುಕೊಂಡರೆ ಚಿತ್ರಕ್ಕೆ ಸುಮಾರು 100 ಎಂಬಿ, ಸಾವಿರ ಚಿತ್ರಕ್ಕೆ 100 ಜಿಬಿ. ಈಗಿನ ಹಾರ್ಡ್ ಡಿಸ್ಕಿಗೆ ಅದೇನೂ ಭಾರವಲ್ಲ. ಎರಡು ಡಿಸ್ಕಿನಲ್ಲಿಟ್ಟು ಒಂದನ್ನು ತಂಗಿಯ ಮನೆಯಲ್ಲಿಡಿ. ಹಂಚುವುದಕ್ಕೆ ಸಣ್ಣ ಜೆಪೆಗ್. ಇಷ್ಟಾದ ಮೇಲೂ ನೆಗೆಟಿವನ್ನು ಮಾತ್ರ ಎಸೆಯಬೇಡಿ. ಮುಂದೆ ಇದಕ್ಕಿಂತ ಒಳ್ಳೆಯ ಯಂತ್ರ ಬಂದರೆ ಓದಿಸಲು ಅದೇ ಬೇಕು.

ಇಷ್ಟೆಲ್ಲ ಕೇಳಿ ಇದು ನಮ್ಮ ಕೈಲಾಗದ ಮಾತು ಎನ್ನುವವರು ಇರುತ್ತೀರಿ. ಇನ್ನೂರು ಮುನ್ನೂರು ಚಿತ್ರ ಮಾತ್ರ ಇರುವವರು ಯಂತ್ರ ಕೊಳ್ಳುವುದೇ ದಂಡ, ಲ್ಯಾಬಿಗೆ ಕೊಡಿ. ಇಲ್ಲವೇ ನಾಲ್ಕು ಮನೆಯವರು ಸೇರಿ ಒಂದು ಕೊಂಡು, ಎಲ್ಲರದೂ ಮುಗಿದ ಮೇಲೆ ಮಾರಿಬಿಡಿ. ಒಳ್ಳೆಯ ಸ್ಥಿತಿಯಲ್ಲಿರುವ ಫಿಲ್ಮ್ ಸ್ಕ್ಯಾನರಿಗೆ ಕೊಳ್ಳುವವರು ಸಿಗುತ್ತಾರೆ. ಲ್ಯಾಬಿಗೆ ಕೊಡುವವರು ಪೂರ್ತಿ ಪೆಟ್ಟಿಗೆ ಒಪ್ಪಿಸಿ ಬರಬೇಡಿ. ಮೊದಲು ಒಂದೇ ತುಂಡು ಒಯ್ಯಿರಿ, ಅದರಲ್ಲಿ ಫ್ಲ್ಯಾಷ್ ಬೆಳಕಿಗೆ ಮುಖ ಬಿಳಿಚಿಕೊಂಡ ಒಂದು ಚಿತ್ರ ಇರಲಿ. ಹಳೆಯ ಪ್ರಿಂಟಿನಲ್ಲಿ ಆ ಮುಖ ಸುಣ್ಣದಂತೆ ಕಂಡರೂ ನೆಗೆಟಿವಿನಲ್ಲಿ ಮೂಗು, ಹುಬ್ಬು, ಕುಂಕುಮ ಎಲ್ಲ ಇರುತ್ತದೆ. ಲ್ಯಾಬಿನವರು ಕೊಟ್ಟ ಫೈಲಿನಲ್ಲಿ ಅವು ಕಂಡವೇ ಎಂದು ದೊಡ್ಡದು ಮಾಡಿ ನೋಡಿ. ಯಾವ ಯಂತ್ರ, ನಿಜಕ್ಕೂ ಎಷ್ಟು ಡಿಪಿಐ, ಟಿಫ್ ಕೊಡುತ್ತೀರಾ, ನೆಗೆಟಿವ್ ಅದೇ ಕವರಿನಲ್ಲಿ ಅದೇ ಸಾಲಿನಲ್ಲಿ ವಾಪಸು ಕೊಡುತ್ತೀರಾ ಎಂದು ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಆ ಒಂದು ತುಂಡಿನ ದುಡ್ಡು ಕೊಟ್ಟು ಬೇರೆ ಅಂಗಡಿ ನೋಡಿ.